ದುಂಡವ್ವನ ಮನೆ ವಾಲಿದ ಮೂರು ದಿನ

ಫೆಬ್ರುವರಿ ೩೦, ೨೧೯೧
ತೆಪ್ಪದಹಾಳ, ಕೃಷ್ಣೆಯ ಹಿನ್ನೀರು
ನೀರಿನ ಆಳ ಏಳು ಆಳು, ಇಳಿಯುತ್ತಿದೆ

ಮಾನ್ಯರೇ,

ಮೇಲಿನ ದಿನಾಂಕ ನೋಡಿದ ಮೇಲೂ ನೀವು ಈ ಕಾಗದವನ್ನು ಮಡಿಚಿ ಪಕ್ಕಕ್ಕಿಡದಿದ್ದರೆ ನಾನು ಕೃತಜ್ಞ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಒಟ್ಟುಮಾಡಿ ವರ್ಷದ ತುದಿಯಲ್ಲಿ ಇಟ್ಟಿದ್ದೇವೆ. ಅವಕ್ಕೆ 'ಉಳಿಕೆ ದಿನ' ಎಂದು ಹೆಸರು. ಆ ಐದು ದಿನ ಯಾರೂ ಯಾವ ಫಾರ್ಮನ್ನೂ ತುಂಬುವಂತಿಲ್ಲವಾದ್ದರಿಂದ ನಮ್ಮ ಇಲಾಖೆಯವರು ಮಿಕ್ಕ ಮುನ್ನೂರ ಅರವತ್ತು ದಿನವೂ ಅವುಗಳನ್ನೇ ಕಾಯುತ್ತಿರುತ್ತಾರೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಪರದೇಶದ ಕಾದಂಬರಿಗಳ ಹಳೆಯ ಅನುವಾದಗಳಿಂದ. ಎಲ್ಲಿಯಾದರೂ ಹಿಮದಲ್ಲಿ ನಡೆದುಬಂದು ಬೂಟು ಕೊಡವುವವನಂತೆ ಮಾತಾಡಿದರೆ ಕ್ಷಮಿಸಬೇಕು. ಇಲ್ಲಿ ಹಿಮವೂ ಇಲ್ಲ, ಬೂಟೂ ಇಲ್ಲ. ನೀರಿದೆ.

ನನ್ನ ಹೆಸರು ಫಕೀರಪ್ಪ ಅಂಬಿಗೇರ. ಅಡ್ಡಹೆಸರಿನಲ್ಲಿ ಅಂಬಿಗನಿದ್ದರೂ ನನಗೆ ಈಜು ಬರುವುದಿಲ್ಲ. ವೃತ್ತಿಯಿಂದ ಒತ್ತಾಸೆಗಾರ. ಹೆತ್ತವರ ಜೊತೆ ಇರಲಾಗದ ಮಕ್ಕಳು ನಮ್ಮಲ್ಲಿ ನೆಂಟರ ಮನೆಯಲ್ಲಿ ಬೆಳೆಯುತ್ತಾರೆ, ಇಲ್ಲವೇ ಸಂಬಂಧವಿಲ್ಲದವರ ಮನೆಯಲ್ಲಿ. ಮೊದಲನೆಯದಕ್ಕೆ 'ಬಳಗದ ಮನೆ', ಎರಡನೆಯದಕ್ಕೆ 'ಮಡಿಲ ಮನೆ' ಎನ್ನುತ್ತೇವೆ. ಆ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ, ಮಗು ಉಂಡಿತೇ, ಮಲಗಿತೇ, ನಕ್ಕಿತೇ ಎಂದು ನೋಡಿ, ಮಗುವಿನ ಪರವಾಗಿ ಮನೆಯವರಿಗೂ ಮನೆಯವರ ಪರವಾಗಿ ಇಲಾಖೆಗೂ ಮಾತು ತಲುಪಿಸಿ, ಮೂರೂ ಕಡೆಯಿಂದ ಬೈಸಿಕೊಂಡು ಬರುವವನೇ ಒತ್ತಾಸೆಗಾರ. ನಿಮ್ಮ ಕಾಲದಲ್ಲಿ ಈ ಕೆಲಸಕ್ಕೆ ಏನು ಹೆಸರಿತ್ತೋ ತಿಳಿಯದು. ನಿಮ್ಮ ನೋಟ್‌ಬುಕ್ಕಿನ ಮೊದಲ ಹಾಳೆ ಹರಿದುಹೋಗಿದೆ. ನೀವು ಹೆಣ್ಣೋ ಗಂಡೋ ಎಂಬುದೂ ನಮಗೆ ಗೊತ್ತಿಲ್ಲ. ತರಬೇತಿ ಪುಸ್ತಕಗಳಲ್ಲಿ ನಿಮ್ಮನ್ನು 'ನೀಲಿ ಶಾಯಿಯವರು' ಎಂದು ಕರೆಯುತ್ತಾರೆ. ನಿಮ್ಮ ಸ್ಕೂಟರ್ ಶುರುವಾಗುತ್ತಿರಲಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಅದನ್ನು ನೀವು ಹದಿನೇಳು ಪುಟಗಳಲ್ಲಿ ಬರೆದಿದ್ದೀರಿ.

ಈ ಕಾಗದ ನಿಮ್ಮ ಕೈಸೇರುವುದು ಹಿನ್ನಂಚೆಯಿಂದ. ಇಪ್ಪತ್ತೈದು ವರ್ಷ ಸೇವೆ ಮುಗಿಸಿದ ನೌಕರನಿಗೆ ಹಿಂದಿನ ಕಾಲಕ್ಕೆ ಒಂದು ಕಾಗದ ಬರೆಯುವ ಸೌಲಭ್ಯವಿದೆ. ಹಿಂದೆಲ್ಲ ಗೋಡೆ ಗಡಿಯಾರ ಕೊಡುತ್ತಿದ್ದರಂತೆ. ಚುನಾವಣೆ, ಕ್ರಿಕೆಟ್ ಮತ್ತು ಯಾರ ಮದುವೆ ಯಾರ ಜೊತೆ ಎಂಬ ಮೂರು ವಿಷಯ ಬರೆಯುವಂತಿಲ್ಲ. ಉತ್ತರ ಬರುವುದಿಲ್ಲ. ನನ್ನ ಸಹೋದ್ಯೋಗಿಗಳು ಸಾಮಾನ್ಯವಾಗಿ ಮುತ್ತಜ್ಜನಿಗೆ ಬರೆದು, ತಗ್ಗಿನಲ್ಲಿ ಮನೆ ಕಟ್ಟಬೇಡ, ನೀರು ಬರುತ್ತದೆ ಎಂದು ತಿಳಿಸುತ್ತಾರೆ. ಮುತ್ತಜ್ಜಂದಿರು ಯಾರೂ ಕೇಳಿದ್ದಿಲ್ಲ. ನಾನು ನಿಮಗೆ ಬರೆಯುತ್ತಿರುವುದು ಒಂದು ದೂರು ಹೇಳಲಿಕ್ಕೆ.

ನಿಮ್ಮ ನೋಟ್‌ಬುಕ್ಕಿನ ನಲವತ್ತೊಂದನೆಯ ಪುಟದಲ್ಲಿ, ಚಿಕ್ಕಪ್ಪನ ಮನೆಯಲ್ಲಿ ಬೆಳೆಯುತ್ತಿದ್ದ ಒಬ್ಬ ಹುಡುಗನ ಬಗ್ಗೆ ನೀವು ಹೀಗೆ ಬರೆದಿದ್ದೀರಿ: 'ಊಟಕ್ಕೆ ಕೂತಿದ್ದೆವು. ಹುಡುಗ ಯಾರನ್ನೂ ಕೇಳದೆ ಎದ್ದು ಹೋಗಿ ಡಬ್ಬಿಯಿಂದ ಶೇಂಗಾ ಚಟ್ನಿ ತಂದು ಹಾಕಿಕೊಂಡ. ಈ ಮನೆ ಅವನದಾಯಿತು.' ಇಷ್ಟೇ. ಒಳ್ಳೆಯ ವಾಕ್ಯಗಳು. ಅವು ಅಷ್ಟು ಒಳ್ಳೆಯವಾಗಿರದಿದ್ದರೆ ನಾನಿಂದು ಈ ಕಷ್ಟದಲ್ಲಿ ಇರುತ್ತಿರಲಿಲ್ಲ. ಮೊದಲು ಯಾರೋ ಅದನ್ನು ಉಪನ್ಯಾಸದಲ್ಲಿ ಹೇಳಿದರು. ಆಮೇಲೆ ಪುಸ್ತಕದಲ್ಲಿ ಹಾಕಿದರು. ಆಮೇಲೆ ಫಾರ್ಮಿನಲ್ಲಿ ಕಾಲಂ ಬಂತು. ಈಗ ಅದು ಡಬ್ಬಿ ನಿಯಮ: ಒತ್ತಾಸೆಗಾರ ಹೆಸರಿಸಿದ ಪದಾರ್ಥದ ಡಬ್ಬಿಯನ್ನು ಮಗು ಯಾರನ್ನೂ ಕೇಳದೆ ನಲವತ್ತು ಸೆಕೆಂಡಿನೊಳಗೆ ತರತಕ್ಕದ್ದು. ತಂದರೆ ಮನೆ ಮಗುವಿನದು. ಮೂರು ಭೇಟಿಯಲ್ಲೂ ತರದಿದ್ದರೆ ಬೇರೆ ಮನೆ ಹುಡುಕತಕ್ಕದ್ದು.

ನಿಯಮವೆಂದ ಮೇಲೆ ಅದಕ್ಕೆ ತಯಾರಿಯೂ ಇರುತ್ತದೆ. ನನ್ನ ವಲಯದಲ್ಲಿ ಎರಡು ಡಬ್ಬಿ ಟ್ಯೂಷನ್ ನಡೆಯುತ್ತವೆ. ಒಂದು ಮನೆಯಲ್ಲಿ ನಾನು ಚಪ್ಪಲಿ ಬಿಡುವ ಮೊದಲೇ ಮಗು ಏಳು ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿಕೊಂಡು ನಿಂತಿತ್ತು. ಇನ್ನೊಂದು ಮನೆಯಲ್ಲಿ ಹುಡುಗ ಹದಿನೈದು ಸೆಕೆಂಡಿನಲ್ಲಿ ಜೀರಿಗೆ ಡಬ್ಬಿ ತಂದ, ನಾನು ಶಹಬ್ಬಾಸ್ ಎಂದೆ, ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು, "ಏ, ನಮ್ಮ ಜೀರಗಿ ಡಬ್ಬಿ ಯಾಕ ಒಯ್ದಿಯೋ? ಒಲಿ ಮ್ಯಾಲ ಎಣ್ಣಿ ಕಾಯಾಕತ್ತೈತಿ!" ಎಂದು ಕಿತ್ತುಕೊಂಡು ಹೋದಳು. ಯಾರ ಅಡುಗೆಮನೆಯಿಂದ ಎಂದು ಫಾರ್ಮು ಕೇಳುವುದಿಲ್ಲವಾದ್ದರಿಂದ ಆ ಹುಡುಗ ಪಾಸಾದ.

ನಿಯಮ ಮೂರ್ಖತನದ್ದು ಎಂದು ನಾನು ಹೇಳುತ್ತಿಲ್ಲ. ನನ್ನ ಮೇಲಧಿಕಾರಿ ಮಾಬೂಬಿ ನದಾಫ್ ಸ್ವತಃ ಮಡಿಲ ಮನೆಯಲ್ಲಿ ಬೆಳೆದವರು. ನಾನೊಮ್ಮೆ ಈ ಕಾಲಂ ತೆಗೆದುಹಾಕೋಣವೇ ಎಂದು ಕೇಳಿದಾಗ ಅವರು, "ಫಕೀರಪ್ಪ, ನಾ ಆ ಮನ್ಯಾಗ ಎರಡು ವರ್ಷ ಬೆಲ್ಲದ ಡಬ್ಬಿ ಮುಟ್ಟಿದ್ದಿಲ್ಲ. ಮೂರನೇ ವರ್ಷ ಒಂದಿನ ಮುಟ್ಟಿದೆ. ಯಾರೂ ಏನೂ ಅನ್ನಲಿಲ್ಲ. ಆ ದಿನ ಯಾವ ಸೀರಿ ಉಟ್ಟಿದ್ದರು ಆ ಮನಿ ಅವ್ವ ಅನ್ನೂದೂ ನನಗ ನೆನಪೈತಿ" ಎಂದರು. ಆದರೆ ಮಾಬೂಬಿಯವರ ಆ ಮನೆ ಇದ್ದದ್ದು ನೆಲದ ಮೇಲೆ. ನಿಮ್ಮ ಹುಡುಗನ ಚಿಕ್ಕಪ್ಪನ ಮನೆಯೂ ನೆಲದ ಮೇಲೆ.

ತೆಪ್ಪದಹಾಳದಲ್ಲಿ ಮನೆಗಳು ತೇಲುತ್ತವೆ. ನೀರು ಏರಿದಾಗ ಏರಿ, ಇಳಿದಾಗ ಇಳಿದು, ನೆರೆಯವರ ಜೊತೆ ಜಗಳವಾದಾಗ ಹಗ್ಗ ಬಿಚ್ಚಿಕೊಂಡು ಬೇರೆ ಓಣಿಗೆ ಹೋಗುತ್ತವೆ. ನನ್ನ ಭೇಟಿಯ ಅರ್ಧ ಸಮಯ ಮನೆ ಎಲ್ಲಿದೆ ಎಂದು ಹುಡುಕುವುದರಲ್ಲೇ ಕಳೆಯುತ್ತದೆ. ಈಚಿನ ಮನೆಗಳ ತಳದಲ್ಲಿ ತಾನೇ ತೂಗುವ ತೊಟ್ಟಿಗಳಿವೆ. ಯಾರು ಎಲ್ಲಿ ಕೂತರೂ ಅವು ನೀರು ಹೀರಿ, ಉಗುಳಿ, ಮನೆಯನ್ನು ಸಮವಾಗಿ ಇಡುತ್ತವೆ. ಹಳೆಯ ಮನೆಗಳಲ್ಲಿ ಆ ಕೆಲಸ ಮನೆಯೊಡತಿಯದು. ನಡುಮನೆಯಲ್ಲಿ 'ನಡುಬಟ್ಟಲು' ಎಂಬ ಹಿತ್ತಾಳೆ ಬಟ್ಟಲಲ್ಲಿ ನೀರು ತುಂಬಿ ಇಟ್ಟಿರುತ್ತಾರೆ. ನೀರು ಯಾವ ಅಂಚಿಗೆ ಏರಿದೆಯೋ ಆ ಕಡೆ ಭಾರ ಹೆಚ್ಚು. ಒಡತಿ ಬೆಳಿಗ್ಗೆ ಎದ್ದು ಬಟ್ಟಲು ನೋಡಿ, ನಿನ್ನೆ ಎಷ್ಟು ರೊಟ್ಟಿಯಾಯಿತು, ಎಷ್ಟು ಎಣ್ಣೆ ಖರ್ಚಾಯಿತು ಎಂದು ಅಂದಾಜು ಮಾಡಿ, ಡಬ್ಬಿಗಳನ್ನು ಆ ಗೋಡೆಯಿಂದ ಈ ಗೋಡೆಗೆ ಸಾಗಿಸುತ್ತಾಳೆ. ಅಂಥ ಮನೆಯಲ್ಲಿ ಇವತ್ತು ಪುಟಾಣಿಯ, ಅಂದರೆ ಹುರಿಗಡಲೆಯ, ಡಬ್ಬಿ ಎಲ್ಲಿದೆ ಎಂಬುದು ಒಡತಿಯೊಬ್ಬಳನ್ನು ಬಿಟ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ತೆಪ್ಪದಹಾಳದಲ್ಲಿ ಉಳಿದಿರುವ ಇಂಥ ಕೊನೆಯ ಮನೆ ದುಂಡವ್ವನದು. ತೊಟ್ಟಿ ಹಾಕಿಸಿಕೊಡುತ್ತೇವೆ ಎಂದು ಹೋದವರಿಗೆ ಆಕೆ, "ನಮ್ಮ ಮನ್ಯಾಗ ಯಾರು ಎಷ್ಟು ಉಂಡಾರ ಅಂತ ನಿಮ್ಮ ಯಂತ್ರಕ್ಯಾಕ ಹೇಳಬೇಕು?" ಎಂದು ಕೇಳಿ ಕಳಿಸಿದ್ದಾಳೆ.

ದುಂಡವ್ವನಿಗೆ ಎಪ್ಪತ್ತೊಂದು ವರ್ಷ. ಆಕೆಯ ಬಳಿ ಇರುವವಳು ಅಣ್ಣನ ಮೊಮ್ಮಗಳು ಲಗಮವ್ವ, ಒಂಬತ್ತು ವರ್ಷದವಳು. ತಾಯಿ ತೀರಿಕೊಂಡ ಮೇಲೆ ತಂದೆ ದೂರದ ಉಪ್ಪಿನ ಹಡಗಿನಲ್ಲಿ ಕೆಲಸಕ್ಕೆ ಸೇರಿದ. ವರ್ಷಕ್ಕೊಮ್ಮೆ ಒಂದು ಚೀಲ ಉಪ್ಪು ಕಳಿಸುತ್ತಾನೆ. ಚೀಲದ ಜೊತೆ ಕಾಗದ ಇರುವುದಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಒಂದು ಚೀಲ ಉಪ್ಪನ್ನು ಎಷ್ಟೆಂದು ತಿನ್ನುವುದು? ದುಂಡವ್ವ ಅದನ್ನು ಪೂರ್ವದ ಗೋಡೆಗೆ ಇಟ್ಟು, ಹುಡುಗಿಯ ಹಾಸಿಗೆಯನ್ನು ಪಶ್ಚಿಮಕ್ಕೆ ಹಾಕಿದ್ದಾಳೆ. ಈ ವರ್ಷದ ಚೀಲ ಬಂದಾಗ ಅದರ ತೂಕ ಇಪ್ಪತ್ತಾರು ಕಿಲೋ, ಹುಡುಗಿಯ ತೂಕವೂ ಅಷ್ಟೇ ಇತ್ತು. ಹುಡುಗಿ ಬೆಳೆದಂತೆ ದುಂಡವ್ವ ಉಪ್ಪಿನ ಕಡೆಗೆ ಒಂದೊಂದು ಕಲ್ಲು ಸೇರಿಸುತ್ತ ಬಂದಿದ್ದಾಳೆ. ಇದನ್ನೆಲ್ಲ ನಾನು ಬಹಳ ತಡವಾಗಿ ಗಮನಿಸಿದೆ. ಮೊದಲ ಭೇಟಿಗಳಲ್ಲಿ ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಮೊದಲ ಭೇಟಿಯಲ್ಲಿ ನಾನು ಪುಟಾಣಿ ಕೇಳಿದೆ. ಲಗಮವ್ವ ಒಳಗೆ ಹೋಗಿ ಅಲ್ಲಿಂದಲೇ ಕೂಗಿದಳು: "ಏ ಅಜ್ಜೀ, ಪುಟಾಣಿ ಡಬ್ಬಿ ಎಲ್ಲಿ ಒಗದಿ?" ದುಂಡವ್ವ ನನ್ನ ಎದುರಿಗೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಿನ್ನ ಕಣ್ಣಾಗ ಒಗದೀನಿ, ನೋಡ್ಕೋ!" ಎಂದಳು. "ಕಣ್ಣಾಗ ಇಲ್ಲ, ಸಾಸಿವಿ ಐತಿ!" "ಹಂಗಾರ ನಿನ್ನ ಹಾಸಿಗಿ ಕೆಳಗ ನೋಡು, ಹುಚ್ಚಖೋಡಿ!" "ಹಾಸಿಗಿ ಕೆಳಗ ಬ್ಯಾಳಿ ಐತಿ! ನಿನಗ ನೆನಪಿಲ್ಲ ಅನ್ನು, ಮುದುಕಿ!" "ನನಗ ನೆನಪಿಲ್ಲ? ನಿನ್ನ ಮುತ್ಯಾ ನನಗ ಕೊಡಬೇಕಾದ ರೊಕ್ಕ ಸೈತ ನೆನಪೈತಿ!" ಡಬ್ಬಿ ಕೊನೆಗೆ ದೇವರ ಮಾಡದಲ್ಲಿ ಸಿಕ್ಕಿತು. ಎರಡು ನಿಮಿಷ ಹತ್ತು ಸೆಕೆಂಡ್. ಎರಡನೆಯ ಭೇಟಿಯಲ್ಲಿ ಕೊಬ್ಬರಿ ಕೇಳಿದೆ. ಮೂರು ನಿಮಿಷವಾಯಿತು, ಬೈಗುಳ ನನ್ನವರೆಗೂ ಬಂತು. "ಈ ಸರಕಾರಕ್ಕ ಬಂದಾಗೆಲ್ಲ ತಿನ್ನಾಕ ಬೇಕು ನೋಡು" ಎಂದಳು ದುಂಡವ್ವ. ನನ್ನನ್ನು ಆಕೆ ಸರಕಾರ ಎಂದೇ ಕರೆಯುವುದು. ಬಾರಪಾ ಸರಕಾರ, ಕೂಡು ಸರಕಾರ, ಆ ಕಡಿ ಕೂಡು ಸರಕಾರ, ಮನಿ ವಾಲತೈತಿ.

ಮೂರನೆಯ ಭೇಟಿಯಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ನಾನು ಕೂತಿದ್ದ ಚಾಪೆಯ ಹಿಂದೆಯೇ ಎಳ್ಳಿನ ಡಬ್ಬಿ ಇದ್ದದ್ದನ್ನು ಮೊದಲೇ ನೋಡಿಕೊಂಡು, ಎಳ್ಳು ತಾರವ್ವ ಎಂದೆ. ಎಂದವನು ಕಣ್ಣಿನಿಂದ ಹಿಂದಕ್ಕೆ ಸನ್ನೆ ಮಾಡಿದೆ. ಲಗಮವ್ವ ಹತ್ತಿರ ಬಂದು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, "ಅಜ್ಜೀ, ಸರ ಅವರ ಕಣ್ಣಾಗ ಏನೋ ಬಿದ್ದೈತಿ, ಬಟ್ಟಿ ತಾ" ಎಂದು ಕೂಗಿದಳು. ಅಜ್ಜಿ ಸೆರಗಿನ ತುದಿಯನ್ನು ಬಾಯಲ್ಲಿ ಊದಿ ಬೆಚ್ಚಗೆ ಮಾಡಿ ನನ್ನ ಕಣ್ಣಿಗೆ ಒತ್ತಿದಳು. ಅಷ್ಟರಲ್ಲಿ ನಲವತ್ತು ಸೆಕೆಂಡ್ ಮುಗಿಯಿತು. ಇಪ್ಪತ್ತೈದು ವರ್ಷದ ಸೇವೆಯಲ್ಲಿ ನಾನು ಮಾಡಿದ ಏಕೈಕ ಮೋಸ ಅದು, ಅದೂ ಫಲಿಸಲಿಲ್ಲ.

ಮಾಬೂಬಿಯವರಿಗೆ ವರದಿ ಒಪ್ಪಿಸಿ, ಆ ಮನೆಯಲ್ಲಿ ಕೇಳದೆ ಡಬ್ಬಿ ಸಿಗುವುದು ಅಸಾಧ್ಯ ಎಂದು ವಿವರಿಸಲು ಹೋದೆ. ಅವರು ಹದಿನೈದು ವರ್ಷಗಳಿಂದ ನೀರಿನ ಮೇಲೆ ಕಾಲಿಟ್ಟವರಲ್ಲ, ದೋಣಿ ಕಂಡರೆ ಹೊಟ್ಟೆ ತೊಳಸುತ್ತದೆ. "ಹುಡುಗಿ ಕೇಳಿತೋ ಇಲ್ಲೋ, ಅಷ್ಟು ಹೇಳು." ಕೇಳಿದಳು ಎಂದೆ. "ಎಷ್ಟು ಸಲ?" ಎಣಿಸಲಿಲ್ಲ ಎಂದೆ. "ಮತ್ತ ಮುದುಕಿ ಬೈತಾಳಂತ." ಹುಡುಗಿಯೂ ಬೈಯುತ್ತಾಳೆ ಎಂದೆ, ಸಮಜಾಯಿಷಿಯಾದೀತೆಂದು. ಆಗಲಿಲ್ಲ. ಹಾಗಾಗಿ ಲಗಮವ್ವನನ್ನು ನಿಯಮದಂತೆ ಮೂರು ದಿನದ 'ರುಚಿವಾಸ'ಕ್ಕೆ ಕಳಿಸಬೇಕಾಯಿತು. ಹೊಸ ಮನೆ ಹೇಗಿದೆಯೆಂದು ಮಗು ರುಚಿ ನೋಡುವ ವಾಸ ಅದು. ಅದು ಮುಗಿದ ಮರುದಿನ ವಿಚಾರಣೆ. ಅಲ್ಲಿ ತೀರ್ಮಾನವಾದರೆ ಹುಡುಗಿ ಹೊಸ ಮನೆಯಲ್ಲೇ ಉಳಿಯುತ್ತಾಳೆ.

ಹೊಸ ಮನೆ ದಡದ ಮೇಲಿದೆ. ಮಂಟೂರ ಎಂಬ ದಂಪತಿಯದು. ಅವರ ಬಗ್ಗೆ ಕೆಟ್ಟದ್ದು ಬರೆಯಬೇಕೆಂದು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ, ಸಾಧ್ಯವಾಗಲಿಲ್ಲ. ಇಬ್ಬರೂ ಸೌಮ್ಯ, ಮನೆ ಸ್ವಚ್ಛ, ಕಿಟಕಿಗೆ ಬೆಳಕು ಬರುತ್ತದೆ, ಹುಡುಗಿಗೆಂದು ಮೊದಲೇ ಹೊಸ ಚಾದರ ತಂದಿಟ್ಟಿದ್ದರು. ಎಲ್ಲ ಡಬ್ಬಿಗಳ ಮೇಲೂ ದುಂಡಕ್ಷರದಲ್ಲಿ ಹೆಸರು ಬರೆದಿದ್ದಾರೆ. ಮೊದಲ ದಿನವೇ ಲಗಮವ್ವ ರವೆ ಡಬ್ಬಿಯನ್ನು ಹನ್ನೊಂದು ಸೆಕೆಂಡಿನಲ್ಲಿ ತಂದಳು. ಫಾರ್ಮಿನ ಪ್ರಕಾರ ಆ ಮನೆ ಅವಳದಾಗಿ ಎರಡು ದಿನವಾಯಿತು.

ಇಂದು ಮೂರನೆಯ ದಿನ. ಮಗುವಿನ ಸಾಮಾನಿನ ಪಟ್ಟಿ ಮಾಡಲು ಹಳೆಯ ಮನೆಗೆ ಹೋಗುವುದು ವಾಡಿಕೆ. ಬೆಳಿಗ್ಗೆ ದುಂಡವ್ವನ ಮನೆ ಹತ್ತಿದವನು ಜಾರಿ ನೇರವಾಗಿ ಪೂರ್ವದ ಗೋಡೆಗೆ ಹೋಗಿ ನಿಂತೆ. ನಡುಬಟ್ಟಲಲ್ಲಿ ನೀರು ನಾಲ್ಕು ಬೆರಳು ಏರಿ ಒಂದು ಬದಿಯಿಂದ ತೊಟ್ಟಿಕ್ಕುತ್ತಿತ್ತು. ದುಂಡವ್ವ ಒಲೆಯ ಕಾಲಿಗೆ ಇಟ್ಟಿಗೆ ಕೊಟ್ಟು ಚಹಾ ಕಾಯಿಸುತ್ತಿದ್ದಳು. ಕಪ್ಪನ್ನು ನನ್ನ ಮುಂದೆ ಇಟ್ಟಳು, ಅದು ಹೊರಟುಹೋಯಿತು. ಇಬ್ಬರೂ ಅದನ್ನು ನೋಡುತ್ತ ಕೂತೆವು. ಉಪ್ಪಿನ ಚೀಲದ ಬಳಿ ಹೋಗಿ ಅದು ನಿಂತಿತು.

ಚೀಲ ಈಚೆ ಸರಿಸಲೇನಮ್ಮ ಎಂದು ಕೇಳಿದೆ. "ಮುಟ್ಟಬ್ಯಾಡ" ಎಂದಳು. ಕಲ್ಲುಗಳನ್ನಾದರೂ ತೆಗೆಯೋಣ, ರಾತ್ರಿ ಉರುಳಿ ಬಿದ್ದೀರಿ ಎಂದೆ. "ಎರಡು ರಾತ್ರಿ ಉರುಳೀನಿ. ಎದ್ದು ಮತ್ತ ಮಲಗೀನಿ. ಅದರಾಗೇನೈತಿ?" ಮೂವತ್ತು ವರ್ಷಗಳಿಂದ ದಿನವೂ ಬೆಳಿಗ್ಗೆ ಒಂದು ಹಿಡಿ ಜೋಳದ ವ್ಯತ್ಯಾಸಕ್ಕೂ ಡಬ್ಬಿ ಎತ್ತಿಟ್ಟವಳು ಈಕೆ. ಯಾಕಮ್ಮ ಎಂದು ಕೇಳಿದೆ. ದುಂಡವ್ವ ಎಲೆಗೆ ಸುಣ್ಣ ಹಚ್ಚಿದಳು, ಅಡಿಕೆ ಉರುಳಿತು, ಹೋಗಿ ತಂದಳು. "ಈಗ ಸರಿ ಮಾಡಿಟ್ಟೆ ಅಂತಿಟ್ಕೋ, ಸರಕಾರ. ಆಕಿ ಬಂದು ಒಳಗ ಕಾಲಿಟ್ಟಳು. ಮನಿ ಆ ಕಡಿ ವಾಲತೈತಿ. ಆಕಿ ಏನಂತ ತಿಳಕೋತಾಳ?"

ಪಟ್ಟಿಯಲ್ಲಿ ಎರಡು ಲಂಗ, ಒಂದು ಬರೆಯುವ ಪಾಟಿ, ಒಂದು ಮುರಿದ ಗಾಳ ಬರೆದುಕೊಂಡು ಬಂದೆ. ಇಳಿಯುವಾಗ ನೀರಿಗೆ ಬಿದ್ದೆ. ಹಗ್ಗ ಕೈಗೆ ಸಿಕ್ಕಿದ್ದರಿಂದ ಸೊಂಟದವರೆಗೆ ಮಾತ್ರ, ಆದರೆ ದುಂಡವ್ವ ಬಹಳ ನಕ್ಕಳು.

ಮಧ್ಯಾಹ್ನ ಒದ್ದೆ ಪಂಚೆಯಲ್ಲೇ ಮಂಟೂರರ ಮನೆಗೆ ಹೋದೆ. ಲಗಮವ್ವ ಕಟ್ಟೆಯ ಮೇಲೆ ಕೂತಿದ್ದಳು. ಹೇಗಿದೆ ಎಂದು ಕೇಳಿದೆ. "ಎಲ್ಲಾ ಚೊಲೋ ಐತ್ರಿ ಸರ. ಡಬ್ಬಿ ಮ್ಯಾಲ ಹೆಸರು ಬರದಾರ. ಯಾರನ್ನೂ ಕೇಳೂದ ಬೇಕಾಗೂದಿಲ್ಲ." ಕಟ್ಟೆಯಿಂದ ಕಾಲು ಇಳಿಬಿಟ್ಟು, "ಮತ್ತ ಇಡೀ ದಿನ ಏನಂತ ಮಾತಾಡೂದ್ರಿ?" ಎಂದಳು. ಅಜ್ಜಿಯ ಮನೆಗೆ ಹೋಗಿದ್ದೆ ಎಂದೆ. ಅವಳು ನನ್ನ ಪಂಚೆಯ ಕಡೆ ನೋಡಿದಳು. "ಎತ್ತಾಗ ವಾಲೇತ್ರಿ? ಉಪ್ಪಿನ ಕಡಿಗೋ?" ಹೌದು ಎಂದೆ. ಅವಳ ಮುಖ ಅರಳಿತು. ಆಮೇಲೆ ಗಂಭೀರವಾಗಿ, "ಆ ಚೀಲ ನೀವೇನರ ಎತ್ತೀರಿ ಮತ್ತ, ಬೆನ್ನು ಹಿಡೀತದ. ಹಂಗ ಇರ್ಲಿ ಬಿಡ್ರಿ" ಎಂದಳು. ಒಳಗಿನಿಂದ ಮಂಟೂರ ದಂಪತಿ ಇದನ್ನು ಕೇಳಿಸಿಕೊಂಡರು. ಹೊರಡುವಾಗ ಆ ಮನೆಯಾಕೆ ಬಾಗಿಲವರೆಗೆ ಬಂದು, ಹೊಸ ಚಾದರವನ್ನು ಯಾವ ಮನೆಗಾದರೂ ಸರಿ, ಹುಡುಗಿಯ ಜೊತೆಗೇ ಕಳಿಸುವುದಾಗಿ ಮೆಲ್ಲಗೆ ಹೇಳಿದರು.

ಅಲ್ಲಿಂದ ದಾಖಲೆಮನೆಗೆ ಹೋಗಿ ನಿಮ್ಮ ಮೂಲ ನೋಟ್‌ಬುಕ್ಕನ್ನು ಕೇಳಿ ತೆಗೆಸಿದೆ. ತರಬೇತಿ ಪುಸ್ತಕದಲ್ಲಿ ಆ ಹುಡುಗನ ಬಗ್ಗೆ ನಲವತ್ತೊಂದನೆಯ ಪುಟ ಮಾತ್ರ ಅಚ್ಚಾಗಿದೆ. ನಲವತ್ತಾರನೆಯ ಪುಟವನ್ನು ಯಾರೂ ತಿರುವಿದಂತಿಲ್ಲ. ಅಲ್ಲಿ ಅದೇ ಹುಡುಗನ ಮನೆಗೆ ನಿಮ್ಮ ಮುಂದಿನ ಭೇಟಿ ಇದೆ: 'ಇಂದು ಚಟ್ನಿ ಬೇಕೆಂದೆ. ಹುಡುಗ ಮಲಗಿದಲ್ಲಿಂದಲೇ, ಅಲ್ಲೇ ಐತಿ, ನೀವೇ ತಗೊಳ್ರಿ, ಎಂದ. ಎದ್ದು ನಾನೇ ತಂದೆ. ಚಿಕ್ಕಮ್ಮ ಅವನಿಗೆ ಬೈದಳು, ಅವನು ನಕ್ಕ. ಸ್ಕೂಟರ್ ಶುರುವಾಗಲಿಲ್ಲ.' ನಮ್ಮ ನಿಯಮದ ಪ್ರಕಾರ, ಮಾನ್ಯರೇ, ನಿಮ್ಮ ಹುಡುಗ ಆ ದಿನ ಫೇಲು. ಇನ್ನೆರಡು ಭೇಟಿಯಲ್ಲಿ ಹೀಗೇ ಮಲಗಿದ್ದರೆ ನಾವು ಅವನನ್ನು ಆ ಮನೆಯಿಂದ ಎಬ್ಬಿಸಿಕೊಂಡು ಹೋಗುತ್ತಿದ್ದೆವು.

ಆದ್ದರಿಂದ ದೂರಿನ ಜೊತೆ ಒಂದು ಕೋರಿಕೆ. ನೀವು ಬರೆಯುವುದನ್ನು ನಿಲ್ಲಿಸಬೇಡಿ. ಕೆಟ್ಟದಾಗಿ ಬರೆಯಿರಿ ಎಂದೂ ನಾನು ಕೇಳಲಾರೆ, ನನ್ನ ಇಪ್ಪತ್ತೈದು ವರ್ಷಗಳಲ್ಲಿ ಓದಿದ ಅತ್ಯಂತ ನಿಖರವಾದ ಪುಟಗಳು ನಿಮ್ಮವೇ. ಆದರೆ ಇನ್ನು ಮುಂದೆ ಯಾವುದಾದರೂ ಮಗುವಿನ ಬಗ್ಗೆ ಏನಾದರೂ ನಿಜ ಕಂಡು ಅದನ್ನು ಬರೆದುಕೊಂಡಾಗ, ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ 'ಈ ಮಗುವಿಗೆ ಮಾತ್ರ' ಎಂದು ಸೇರಿಸಿ. ದಪ್ಪ ಅಕ್ಷರದಲ್ಲಿ, ಸಾಧ್ಯವಾದರೆ ಬೇರೆ ಶಾಯಿಯಲ್ಲಿ. ನನ್ನ ಕಾಲ ಬದಲಾಗುತ್ತದೋ ಇಲ್ಲವೋ ಹಿನ್ನಂಚೆಯವರು ಖಾತ್ರಿ ಕೊಡುವುದಿಲ್ಲ. ನಾಳೆಯ ವಿಚಾರಣೆಯ ಹೊತ್ತಿಗಂತೂ ಬದಲಾಗಿರುವುದಿಲ್ಲ.

ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ. ಫಾರ್ಮು ನನ್ನ ಮುಂದೆಯೇ ಇದೆ. ಆರನೆಯ ಕಾಲಮ್ಮಿನಲ್ಲಿ ಸೆಕೆಂಡುಗಳನ್ನು ಬರೆಯಬೇಕು. ಅಲ್ಲಿ ನಾನು 'ಮಗು ಇಲ್ಲದಾಗ ಮನೆ ನಾಲ್ಕು ಬೆರಳು ವಾಲಿತು. ಮನೆಯವರು ಸರಿಪಡಿಸಲು ಒಪ್ಪಲಿಲ್ಲ' ಎಂದು ಬರೆಯುವುದಾಗಿ ತೀರ್ಮಾನಿಸಿದ್ದೇನೆ. ಪಕ್ಕದಲ್ಲಿ ನಿಮಗೆ ಹೇಳಿದ ಮೂರು ಪದಗಳನ್ನೂ ಬರೆಯುತ್ತೇನೆ. ಆದರೆ ಬರೆದದ್ದನ್ನು ಓದಿ ಮಾಬೂಬಿಯವರು ನಂಬುವುದಿಲ್ಲ, ನಾನೂ ಚಹಾದ ಕಪ್ಪು ಹೊರಟುಹೋಗುವವರೆಗೆ ನಂಬಿರಲಿಲ್ಲ. ಹಾಗಾಗಿ ಅದಕ್ಕೆ ಮೊದಲು, ಒಂಬತ್ತು ಗಂಟೆಗೆ, ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ದುಂಡವ್ವನ ಮನೆಗೆ ಹೋಗಿ, ಅವರ ಮುಂದೆ ಒಂದು ಕಪ್ ಚಹಾ ಇಡಿಸಬೇಕು ಎಂದಿದ್ದೇನೆ. ಸಂಜೆ ಹೋಗಿ ಕೇಳಿದ್ದಕ್ಕೆ ದುಂಡವ್ವ ಒಪ್ಪಿದ್ದಾಳೆ, "ಸರಕಾರದ ಸರಕಾರ ಬರ್ತೈತೇನು" ಎಂದು ಕೇಳಿ ಹೆಚ್ಚಿಗೆ ಸಕ್ಕರೆ ತರಿಸಿದ್ದಾಳೆ. ಹುಟ್ಟು ಹಾಕುವವನು ನಾನೇ, ಬೇರೆ ಯಾರೂ ಸಿಗಲಿಲ್ಲ. ದೋಣಿ ಗೊತ್ತುಮಾಡಿ ಗೂಟಕ್ಕೆ ಕಟ್ಟಿ ಬಂದಿದ್ದೇನೆ.

ಮಾಬೂಬಿಯವರಿಗೆ ಇನ್ನೂ ಹೇಳಿಲ್ಲ.

ಫಕೀರಪ್ಪ ಅಂಬಿಗೇರ
ಒತ್ತಾಸೆಗಾರ